ನೀರಸವಾದ ಪರೀಕ್ಷೆಗೆ ಓದುವ ಬಗೆ

ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಅವುಗಳ ನಡುವೆ ಮಾಹಿತಿಯನ್ನು ಸಾಗಿಸುವ ವ್ಯವಸ್ಥೆಗೆ ಗಣಕಜಾಲವೆಂದು ಹೆಸರು. ಈ ವಿದ್ಯೆಯಲ್ಲಿ ಅರ್ಹತೆಯನ್ನು ಪಡೆದವರಿಗೆ ಕೊಡುವ ಪ್ರಮಾಣಪತ್ರಗಳು ಹಲವಿವೆ. ಅವುಗಳಲ್ಲಿ, ಅಮೆರಿಕದ ಸಿಸ್ಕೊ ಸಂಸ್ಥೆಯು 1998ರಲ್ಲಿ ಆರಂಭಿಸಿದ ಸಿ.ಸಿ.ಎನ್.ಎ. ಎಂಬುದು ಬಹು ಪ್ರಸಿದ್ಧವಾದುದು. ರಾಯಚೂರಿನಲ್ಲಿ ಡಿಪ್ಲೊಮಾವನ್ನೋ ಪದವಿಯನ್ನೋ ಮುಗಿಸಿ, ಮಾನವಿ ತಾಲ್ಲೂಕಿನ ಕುರ್ಡಿಯಂತಹ ತನ್ನ ಊರಿನಲ್ಲಿದ್ದುಕೊಂಡು, ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಕೆಲಸವನ್ನು ಹುಡುಕುವ ತರುಣನಿಗೋ ತರುಣಿಗೋ ಇಂತಹ ಪತ್ರವೊಂದು ಕೈಯಲ್ಲಿದ್ದರೆ ಒಳ್ಳೆಯ ಆಸರೆಯಾಗುತ್ತದೆ.

ಆದರೆ ಈ ಆಸರೆ ಸುಲಭವಾಗಿ ದೊರೆಯತಕ್ಕದ್ದಲ್ಲ. 2020ರಲ್ಲಿ ಜಾರಿಗೆ ಬಂದ ಸಿ.ಸಿ.ಎನ್.ಎ. ಪರೀಕ್ಷೆಯ ಅವಧಿ 120 ನಿಮಿಷ. ಅದರ ಶುಲ್ಕ 300 ಡಾಲರು. ಅನುತ್ತೀರ್ಣರಾದವರು ಮತ್ತೆ ಬರೆಯಬೇಕಾದರೆ ಹಣವನ್ನೂ ಮತ್ತೆ ಕಟ್ಟಬೇಕು. ಹತ್ತಿ, ತೊಗರಿ, ಜೋಳಗಳ ಬೆಳೆಯನ್ನೇ ನಂಬಿದ ಸಂಸಾರಕ್ಕೆ ಇದು ಅಲ್ಪ ಮೊತ್ತವಲ್ಲ. ಹೀಗಿದ್ದರೂ ಎಷ್ಟೋ ಮಂದಿ ಪರೀಕ್ಷೆಯ ಬಾಗಿಲವರೆಗೂ ಹೋಗದೆ, ಪುಸ್ತಕದ ಮೂರನೆಯ ಅಧ್ಯಾಯದಲ್ಲಿಯೇ ನಿಂತುಬಿಡುತ್ತಾರೆ. ಅವರನ್ನು ತಡೆಯುವುದು ಬುದ್ಧಿಯ ಕೊರತೆಯಲ್ಲ, ಬೇಸರ. ಈ ಬೇಸರವು ಎಲ್ಲಿಂದ ಹುಟ್ಟುತ್ತದೆ, ಅದನ್ನು ನೀಗುವ ಬಗೆ ಯಾವುದು ಎಂಬುದನ್ನು ವಿಚಾರಿಸೋಣ.

ಬೇಸರದ ಮೂಲ

ಗಣಕಜಾಲದ ಪುಸ್ತಕವನ್ನು ತೆರೆದವನಿಗೆ ಮೊದಲು ಎದುರಾಗುವುದು ಹೆಸರುಗಳ ಮತ್ತು ಅಂಕಿಗಳ ದೊಡ್ಡ ದಂಡು. ಜಾಲದ ಕಾರ್ಯವನ್ನು ಏಳು ಪದರಗಳಾಗಿ ವಿಂಗಡಿಸಿದ್ದಾರೆ. ಏಳರ ಹೆಸರುಗಳನ್ನೂ ನೆನಪಿಡಬೇಕು. ಭದ್ರವಾದ ದೂರಸಂಪರ್ಕಕ್ಕೆ 22, ಹೆಸರಿನಿಂದ ವಿಳಾಸವನ್ನು ಹುಡುಕುವುದಕ್ಕೆ 53, ಜಾಲಪುಟಗಳಿಗೆ 80 ಮತ್ತು 443 ಎಂದು ದ್ವಾರಗಳ ಸಂಖ್ಯೆಗಳಿವೆ; ಅವೂ ಬಾಯಿಗೆ ಬರಬೇಕು. ಒಂದರ ಹಿಂದೆ ಒಂದು ಬರುವ ಈ ಪಟ್ಟಿಗಳನ್ನು ಓದುತ್ತ ಹೋದಂತೆ ಕಣ್ಣು ಸಾಲಿನ ಮೇಲಿದ್ದರೂ ಮನಸ್ಸು ಬೇರೆಲ್ಲೋ ಇರುತ್ತದೆ.

ಇದರ ಕಾರಣವನ್ನು ತಿಳಿಯುವುದಕ್ಕೆ ಒಂದು ಹಳೆಯ ಪ್ರಯೋಗವು ಸಹಾಯಕವಾಗಿದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿಜ್ಞಾನಿಯು ಯಾವ ಅರ್ಥವೂ ಇಲ್ಲದ ಸಣ್ಣ ಸಣ್ಣ ಶಬ್ದಗಳನ್ನು ತಾನೇ ರಚಿಸಿ, ತಾನೇ ಕಂಠಪಾಠ ಮಾಡಿ, ಎಷ್ಟು ಕಾಲದಲ್ಲಿ ಎಷ್ಟನ್ನು ಮರೆಯುತ್ತಾನೆಂಬುದನ್ನು ಅಳೆದನು. ಫಲಿತಾಂಶವು 1885ರಲ್ಲಿ ಪ್ರಕಟವಾಯಿತು. ಒಮ್ಮೆ ಕಲಿತ ಪಟ್ಟಿಯನ್ನು ಎರಡನೆಯ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದೇ ಅವನ ಅಳತೆ. ಇಪ್ಪತ್ತು ನಿಮಿಷಗಳ ತರುವಾಯ ಶೇಕಡ 58ರಷ್ಟು ಶ್ರಮ ಉಳಿಯುತ್ತಿತ್ತು. ಒಂದು ದಿನದ ತರುವಾಯ ಸುಮಾರು 34ರಷ್ಟು. ಒಂದು ತಿಂಗಳಾದ ಮೇಲೆ ಸುಮಾರು 21ರಷ್ಟು ಮಾತ್ರ. ಮರೆವು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಕೆಲಸ ಮಾಡುತ್ತದೆಯೆಂದು ಇದರಿಂದ ತಿಳಿಯುತ್ತದೆ.

ಎಬಿಂಗ್‌ಹೌಸನು ಅರ್ಥವಿಲ್ಲದ ಶಬ್ದಗಳನ್ನು ಬೇಕೆಂದೇ ಆರಿಸಿಕೊಂಡನು. ನಮ್ಮ ವಿದ್ಯಾರ್ಥಿಯಾದರೋ ಅರ್ಥವುಳ್ಳ ವಿಷಯವನ್ನೇ ಅರ್ಥವಿಲ್ಲದ ಶಬ್ದಗಳಂತೆ ಓದುತ್ತಾನೆ. ನಿನ್ನೆ ಓದಿದ್ದು ಇಂದು ಉಳಿದಿಲ್ಲವೆಂದು ಕಂಡಾಗ ಉತ್ಸಾಹವು ಕುಗ್ಗುವುದು ಸಹಜವೇ ಅಲ್ಲವೆ? ಆದುದರಿಂದ ನಾವು ಮಾಡಬೇಕಾದ ಕೆಲಸ ಎರಡು: ಪಾಠಕ್ಕೆ ಅರ್ಥವನ್ನು ಕೂಡಿಸುವುದು, ಕಲಿತದ್ದು ಉಳಿದಿದೆಯೇ ಎಂದು ಅಳೆಯುವುದು.

ಕಾಲುವೆಯೂ ಜಾಲವೂ

ಅರ್ಥವನ್ನು ಕೂಡಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಎಡದಂಡೆಯ ಮುಖ್ಯ ಕಾಲುವೆಯು ಮುನಿರಾಬಾದಿನ ಅಣೆಕಟ್ಟಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿಲೊಮೀಟರು ಹರಿಯುತ್ತದೆ. ಮುಖ್ಯ ಕಾಲುವೆಯಿಂದ ಉಪಕಾಲುವೆಗಳು, ಉಪಕಾಲುವೆಗಳಿಂದ ತೂಬುಗಳು, ತೂಬುಗಳಿಂದ ಹೊಲಗಾಲುವೆಗಳು ಕವಲೊಡೆಯುತ್ತವೆ. ಮುಖ್ಯ ಕಾಲುವೆಯ ಬಾಗಿಲನ್ನು ಎತ್ತುವವನಿಗೆ ಪ್ರತಿಯೊಂದು ಹೊಲದ ಒಡೆಯನೂ ಗೊತ್ತಿರಬೇಕಾಗಿಲ್ಲ. ಯಾವ ಉಪಕಾಲುವೆಗೆ ನೀರನ್ನು ತಿರುಗಿಸಬೇಕೆಂಬುದು ಗೊತ್ತಿದ್ದರೆ ಸಾಕು. ಮುಂದಿನ ಹಂಚಿಕೆಯನ್ನು ಮುಂದಿನವರು ನೋಡಿಕೊಳ್ಳುತ್ತಾರೆ.

ಜಾಲದಲ್ಲಿ ರೌಟರ್ ಎಂಬ ಯಂತ್ರವು ಮಾಡುವುದೂ ಇದನ್ನೇ. ಪ್ರಪಂಚದ ಪ್ರತಿಯೊಂದು ಗಣಕವೂ ಎಲ್ಲಿದೆಯೆಂದು ಅದಕ್ಕೆ ತಿಳಿಯದು. ಇಂತಹ ವಿಳಾಸಗಳ ಗುಂಪು ಇಂತಹ ಬಾಗಿಲಿನ ಕಡೆಗೆ ಎಂದಷ್ಟೇ ಅದರ ಪಟ್ಟಿಯಲ್ಲಿರುತ್ತದೆ. ವಿಳಾಸಗಳನ್ನು ಉಪಜಾಲಗಳಾಗಿ ವಿಭಾಗಿಸುವ ಪಾಠ ಇರುವುದು ಇದಕ್ಕಾಗಿ. ಹೋಲಿಕೆಗೆ ಮಿತಿಯೂ ಉಂಟು. ನೀರಿನ ಮೇಲೆ ಯಾರ ಹೆಸರನ್ನೂ ಬರೆದಿರುವುದಿಲ್ಲ. ಮಾಹಿತಿಯ ಪ್ರತಿಯೊಂದು ಪೊಟ್ಟಣವಾದರೋ ಮುಟ್ಟಬೇಕಾದ ವಿಳಾಸವನ್ನು ತನ್ನ ತಲೆಯ ಮೇಲೆಯೇ ಹೊತ್ತಿರುತ್ತದೆ. ದಾರಿಯಲ್ಲಿ ಇಂಗಿದ ನೀರು ಮರಳಿ ಬಾರದು. ದಾರಿಯಲ್ಲಿ ಕಳೆದುಹೋದ ಪೊಟ್ಟಣವನ್ನು ಟಿ.ಸಿ.ಪಿ. ಎಂಬ ನಿಯಮಾವಳಿಯು ಮರಳಿ ಕಳುಹಿಸುತ್ತದೆ. ಹೋಲಿಕೆಯು ಎಲ್ಲಿ ಮುರಿಯುತ್ತದೆಂದು ಹುಡುಕುವುದೂ ಒಂದು ಒಳ್ಳೆಯ ಅಧ್ಯಯನವೇ.

ಒಂದು ಲೆಕ್ಕ

ಈಗ ಒಂದು ಉದಾಹರಣೆಯನ್ನು ನೋಡೋಣ. ಜಾಲದ ನಾಲ್ಕನೆಯ ಆವೃತ್ತಿಯ ವಿಳಾಸದಲ್ಲಿ 32 ದ್ವಿಮಾನ ಅಂಕಿಗಳಿವೆ. ಒಂದು ಕಾಲೇಜಿಗೆ ಮೊದಲ 24 ಅಂಕಿಗಳು ನಿಶ್ಚಿತವಾಗಿರುವ 192.168.10.0 ಎಂಬ ಜಾಲವನ್ನು ಕೊಟ್ಟಿದ್ದಾರೆನ್ನಿ. ಉಳಿದ 8 ಅಂಕಿಗಳಿಂದ 256 ವಿಳಾಸಗಳಾಗುತ್ತವೆ. ಪ್ರಯೋಗಶಾಲೆಯಲ್ಲಿ 50 ಗಣಕಗಳು, ಕಚೇರಿಯಲ್ಲಿ 12, ಕಾವಲಿಗೆ 5 ಕ್ಯಾಮೆರಾಗಳು ಇವೆ; ಮೂರನ್ನೂ ಬೇರೆ ಬೇರೆ ಉಪಜಾಲಗಳಲ್ಲಿ ಇಡಬೇಕು.

ಉಪಜಾಲದ ಗಾತ್ರವು 2ರ ಘಾತವೇ ಆಗಿರಬೇಕು: 4, 8, 16, 32, 64. ಪ್ರತಿಯೊಂದರಲ್ಲಿಯೂ ಮೊದಲನೆಯ ವಿಳಾಸವು ಉಪಜಾಲದ ಹೆಸರಿಗೂ ಕೊನೆಯದು ಎಲ್ಲರಿಗೂ ಸಾರುವುದಕ್ಕೂ ಮೀಸಲು. ರೌಟರಿಗೂ ಒಂದು ಬೇಕು. ಆದುದರಿಂದ ಪ್ರಯೋಗಶಾಲೆಗೆ 51 ವಿಳಾಸಗಳು ಬೇಕು. 64ರ ಗುಂಪಿನಲ್ಲಿ 62 ದೊರೆಯುತ್ತವೆ. ಇದಕ್ಕೆ 0ಯಿಂದ 63ರವರೆಗೆ ಕೊಡಬಹುದು. ಕಚೇರಿಗೆ 13 ಬೇಕು, 16ರ ಗುಂಪಿನಲ್ಲಿ 14 ದೊರೆಯುತ್ತವೆ, 64ರಿಂದ 79ರವರೆಗೆ. ಕ್ಯಾಮೆರಾಗಳಿಗೆ 6 ಬೇಕು, 8ರ ಗುಂಪಿನಲ್ಲಿ ಸರಿಯಾಗಿ 6 ದೊರೆಯುತ್ತವೆ, 80ರಿಂದ 87ರವರೆಗೆ.

ಈಗ ಪುಸ್ತಕವನ್ನು ಮುಚ್ಚಿ ಯೋಚಿಸಿರಿ. ಮುಂದಿನ ವರ್ಷ ಒಂದೇ ಒಂದು ಕ್ಯಾಮೆರಾವನ್ನು ಹೆಚ್ಚಾಗಿ ಕೂರಿಸಿದರೆ ಏನಾಗುತ್ತದೆ? ಈ ಪ್ರಶ್ನೆಯು ಮನಸ್ಸಿಗೆ ಹೊಕ್ಕ ಕ್ಷಣದಲ್ಲಿ 2ರ ಘಾತಗಳ ಪಟ್ಟಿಯು ನಿರ್ಜೀವವಾಗಿ ಉಳಿಯುವುದಿಲ್ಲ. ಅದನ್ನು ಬಳಸಿಯೇ ಉತ್ತರವನ್ನು ಪಡೆಯಬೇಕಾಗುತ್ತದೆ. ಬಳಸಿದ್ದು ನೆನಪಿನಲ್ಲಿ ನಿಲ್ಲುತ್ತದೆ.

ಓದಿದ್ದು ಉಳಿದಿದೆಯೆ?

ಎರಡನೆಯ ಕೆಲಸ ಅಳತೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ವಿದ್ಯಾರ್ಥಿಗಳು ಗದ್ಯಭಾಗಗಳನ್ನು ಒಮ್ಮೆ ಓದಿದ ಮೇಲೆ, ಕೆಲವನ್ನು ಮತ್ತೊಮ್ಮೆ ಓದಿದರು. ಉಳಿದವನ್ನು ಪುಟವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಮರಳಿ ಓದಿದ ಭಾಗಗಳಲ್ಲಿ ಶೇಕಡ 81, ನೆನಪಿನಿಂದ ಬರೆದವುಗಳಲ್ಲಿ 75ರಷ್ಟು ವಿಷಯ ನೆನಪಿತ್ತು. ಒಂದು ವಾರವಾದ ಮೇಲೆ ಸ್ಥಿತಿಯು ತಲೆಕೆಳಗಾಯಿತು: ಮರಳಿ ಓದಿದವುಗಳಲ್ಲಿ 42, ನೆನಪಿನಿಂದ ಬರೆದವುಗಳಲ್ಲಿ 56. ಅವರ ಎರಡನೆಯ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರಿಗೇ ತಮ್ಮ ನೆನಪಿನಲ್ಲಿ ಹೆಚ್ಚು ಭರವಸೆಯಿತ್ತು. ಒಂದು ವಾರದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರೂ ಅವರೇ.

ಓದುವಾಗ ಉಂಟಾಗುವ ಹಿತವು ಕಲಿಕೆಯ ಗುರುತಲ್ಲ, ನೆನಪಿಸಿಕೊಳ್ಳುವಾಗ ಆಗುವ ಕಷ್ಟವು ಸೋಲಿನ ಗುರುತೂ ಅಲ್ಲ ಎಂಬುದು ಇದರ ತಾತ್ಪರ್ಯ. ಕಾಲುವೆಯ ಕೊನೆಯ ಭಾಗದ ರೈತನು ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿಯನ್ನು ಕೇಳಿ ಭತ್ತದ ಸಸಿಯನ್ನು ನೆಡುವುದಿಲ್ಲ. ತನ್ನ ಕಡೆಯ ಗೇಜಿನಲ್ಲಿ ನೀರು ಎಷ್ಟಿದೆಯೆಂದು ನೋಡುತ್ತಾನೆ. ವಿದ್ಯಾರ್ಥಿಯೂ ಎಷ್ಟು ಪುಟ ಓದಿದೆನೆಂದು ಎಣಿಸದೆ, ಪುಸ್ತಕವನ್ನು ಮುಚ್ಚಿ ಎಷ್ಟು ಪ್ರಶ್ನೆಗಳಿಗೆ ಉತ್ತರಿಸಿದೆನೆಂದು ಎಣಿಸಬೇಕು. ಈ ಸಂಖ್ಯೆಯು ವಾರದಿಂದ ವಾರಕ್ಕೆ ಏರುವುದನ್ನು ಕಣ್ಣಾರೆ ಕಂಡವನಿಗೆ ಉತ್ಸಾಹವನ್ನು ಬೇರೆ ಯಾರೂ ತುಂಬಬೇಕಾಗಿಲ್ಲ.

ದಿನಚರಿಗೆ ಕೆಲವು ಸೂಚನೆಗಳು

1. ಕಾಲವನ್ನು ವಿಷಯದ ತೂಕಕ್ಕೆ ತಕ್ಕಂತೆ ಹಂಚಿರಿ. 2020ರ ಪಠ್ಯದಲ್ಲಿ ಮೂಲತತ್ತ್ವಗಳಿಗೆ ಶೇಕಡ 20, ಜಾಲಪ್ರವೇಶಕ್ಕೆ 20, ಐ.ಪಿ. ಸಂಪರ್ಕಕ್ಕೆ 25, ಐ.ಪಿ. ಸೇವೆಗಳಿಗೆ 10, ಭದ್ರತೆಗೆ 15, ಸ್ವಯಂಚಾಲನೆಗೆ 10 ಎಂದು ವಿಂಗಡಿಸಿದ್ದರು. ನೀವು ಬರೆಯುವ ವರ್ಷದ ಪಠ್ಯವನ್ನು ಮೊದಲು ನೋಡಿಕೊಳ್ಳಿರಿ.

2. ಒಂದೇ ದಿನ ಆರು ಗಂಟೆ ಓದುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಓದುವುದು ಲೇಸು. ಇಂದು ಕಲಿತದ್ದನ್ನು ನಾಳೆ, ನಾಲ್ಕು ದಿನಗಳ ಮೇಲೆ, ಎರಡು ವಾರಗಳ ಮೇಲೆ ನೆನಪಿನಿಂದ ಬರೆದು ನೋಡಿರಿ.

3. ಸಂಕಲ್ಪವು ಸ್ಪಷ್ಟವಾಗಿರಲಿ. ‘ಚೆನ್ನಾಗಿ ಓದುತ್ತೇನೆ’ ಎನ್ನುವುದಕ್ಕಿಂತ ‘ಇಂತಹ ಸಮಯ ಬಂದಾಗ ಇಂತಹ ಕೆಲಸ ಮಾಡುತ್ತೇನೆ’ ಎಂಬ ನಿರ್ಧಾರವು ಹೆಚ್ಚು ಸಫಲವಾಗುತ್ತದೆಂದು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ 1999ರಲ್ಲಿ ವಿವರಿಸಿದ್ದಾನೆ. ಹಳ್ಳಿಯ ವಿದ್ಯಾರ್ಥಿಯು ಹೀಗೆ ನಿರ್ಧರಿಸಬಹುದು: ವಿದ್ಯುತ್ತು ಇದ್ದಾಗ ಗಣಕದ ಮೇಲೆ ಅಭ್ಯಾಸ, ವಿದ್ಯುತ್ತು ಹೋದ ಕೂಡಲೆ ಕಾಗದದ ಮೇಲೆ ಉಪಜಾಲದ ಐದು ಲೆಕ್ಕ.

4. ಪ್ರತಿಯೊಂದು ಪಾಠವನ್ನೂ ಕೈಯಿಂದ ಮಾಡಿ ನೋಡಿರಿ. ಬೆಲೆಬಾಳುವ ಯಂತ್ರಗಳು ಬೇಕಿಲ್ಲ. ಸಿಸ್ಕೊ ಸಂಸ್ಥೆಯ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ಜಾಲವನ್ನು ಕಟ್ಟಬಹುದು, ಬೇಕೆಂದೇ ಕೆಡಿಸಿ ಸರಿಪಡಿಸಲೂಬಹುದು.

ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ಎಳೆಗಳ ಮೂಲಕ ಜಾಲಸಂಪರ್ಕವನ್ನು ಒದಗಿಸುವ ಯೋಜನೆಗೆ ಭಾರತ ಸರಕಾರವು 2011ರಲ್ಲಿ ಒಪ್ಪಿಗೆ ನೀಡಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಹಳ್ಳಿಗೆ ಬರುವ ಆ ಎಳೆಯ ತುದಿಯಲ್ಲಿ ದೋಷವುಂಟಾದಾಗ ಅದನ್ನು ಹುಡುಕಬಲ್ಲವರು ಹಳ್ಳಿಯಲ್ಲಿಯೂ ಇರಬೇಕಲ್ಲವೆ? ಇಂದು ಬೇಸರದಿಂದ ಮಗುಚುತ್ತಿರುವ ಪುಟಗಳಲ್ಲಿ ಆ ವಿದ್ಯೆಯಿದೆ.

ಕೊನೆಯದಾಗಿ ಆರನೆಯ ಕ್ಯಾಮೆರಾದ ವಿಷಯ. ರೌಟರಿನದೂ ಸೇರಿ 7 ವಿಳಾಸಗಳು ಬೇಕಾಗುವುದರಿಂದ 8ರ ಗುಂಪು ಸಾಲದು. 16ರ ಗುಂಪನ್ನು ತೆಗೆದುಕೊಂಡು 80ರಿಂದ 95ರವರೆಗೆ ಕೊಡಬೇಕು. ಇದನ್ನು ಓದುವ ಮೊದಲೇ ನೀವು ಉತ್ತರವನ್ನು ಕಂಡುಕೊಂಡಿದ್ದರೆ ಇಂದಿನ ಪಾಠ ನಿಮ್ಮದಾಯಿತು. ಇಲ್ಲವಾದರೆ ನಾಳೆ, ಈ ಪುಟವನ್ನು ನೋಡದೆ, ಇನ್ನೊಮ್ಮೆ ಲೆಕ್ಕ ಹಾಕಿರಿ.