ಪಕ್ಕದಲ್ಲಿ ಕೂತ ಬಸುರಿಯನ್ನು ಏನು ಕೇಳಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಸುರಿಯನ್ನು ಪ್ರಶ್ನೆ ಕೇಳುವವರಿಗೆ ಕೊರತೆಯೇನೂ ಇಲ್ಲ. ಅತ್ತೆ ಕೇಳುತ್ತಾರೆ, ತವರಿನವರು ಫೋನು ಮಾಡಿ ಕೇಳುತ್ತಾರೆ, ಆಶಾ ಕಾರ್ಯಕರ್ತೆ ಬಂದು ಕೇಳಿ ಬರೆದುಕೊಳ್ಳುತ್ತಾರೆ, ಆಸ್ಪತ್ರೆಯಲ್ಲಿ ನರ್ಸಮ್ಮ ತಾಯಿ ಕಾರ್ಡು ಬಿಡಿಸಿಟ್ಟುಕೊಂಡು ತೂಕ, ಬಿಪಿ, ರಕ್ತ ಎಂದು ಸಾಲಾಗಿ ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೂ ಕೇಳಬೇಕಾದ ಕೆಲವು ಪ್ರಶ್ನೆಗಳು ಹಾಗೆಯೇ ಉಳಿದಿರುತ್ತವೆ. ಅವುಗಳನ್ನು ಕೇಳಬಲ್ಲವಳು ಅದೇ ಬೆಂಚಿನ ಮೇಲೆ ಅಂಥದೇ ಕಾರ್ಡು ಹಿಡಿದು ಕೂತ ಇನ್ನೊಬ್ಬ ಬಸುರಿ. ನನ್ನ ಬಸುರಿನ ದಿನಗಳಿಂದ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ. ಇಬ್ಬರು ಬಸುರಿಯರ ನಡುವಿನ ಪರಿಚಯವನ್ನು ಹೊತ್ತು ಕಳೆಯುವ ಹರಟೆ ಎಂದು ಎಣಿಸಬಾರದು. ನಮ್ಮಂಥ ಸೀಮೆಯಲ್ಲಿ ಅದು ಆರೈಕೆಯ ಒಂದು ಭಾಗ. ಆದರೆ ಆ ಪರಿಚಯ ಬೆಳೆಯುವುದೂ ಮುರಿಯುವುದೂ ಕೇಳುವ ಪ್ರಶ್ನೆಯ ಮೇಲೆ ನಿಂತಿದೆ.

ಕಬ್ಬಿಣಾಂಶದ ಗುಳಿಗೆಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಹೆರಿಗೆಗಳಲ್ಲಿ ಶೇ 97ರಷ್ಟು ಆಸ್ಪತ್ರೆಯಲ್ಲೇ ಆಗಿವೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರ ಪೈಕಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆರುವ ದಿನ ಆಸ್ಪತ್ರೆ ಮುಟ್ಟುವುದನ್ನು ನಾವು ರೂಢಿ ಮಾಡಿಕೊಂಡೆವು, ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ರಕ್ತ ತುಂಬಿಕೊಳ್ಳುವ ಕೆಲಸ ಅರ್ಧಕ್ಕೇ ನಿಂತಿದೆ. ಗುಳಿಗೆ ಸಿಗುವುದಿಲ್ಲ ಎನ್ನುವಂತಿಲ್ಲ. 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ, ದಿನಕ್ಕೊಂದರಂತೆ ಕನಿಷ್ಠ 180 ದಿನ ಎಂಬ ಲೆಕ್ಕದಲ್ಲಿ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ತಗೊಂಡರೆ ಹೊಟ್ಟೆ ತೊಳಸುತ್ತದೆ, ಮಲ ಕಟ್ಟುತ್ತದೆ, ಮಲದ ಬಣ್ಣ ಕಪ್ಪಾಗಿ ಹೆದರಿಕೆ ಹುಟ್ಟಿಸುತ್ತದೆ. ಹಾಗಾಗಿ ಎಷ್ಟೋ ಶೀಟುಗಳು ಕಪಾಟಿನಲ್ಲೇ ಉಳಿಯುತ್ತವೆ. ಡಾಕ್ಟರು 'ಗುಳಿಗೆ ತಗೊಳ್ತಾ ಇದ್ದೀರಾ' ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ, ಹ್ಞೂಂ. ಅದನ್ನು ಸುಳ್ಳು ಎಂದು ಬಯ್ಯಲು ನನಗೆ ಮನಸ್ಸಿಲ್ಲ. ಕೇಳುವವರ ಕೈಯಲ್ಲಿ ಪೆನ್ನು, ಹಿಂದೆ ಉದ್ದದ ಸರದಿ, ಇಲ್ಲ ಎಂದರೆ ಬೈಗುಳ. ಅಂಥ ಕಡೆ ಯಾರಾದರೂ ಹ್ಞೂಂ ಎನ್ನುತ್ತಾರೆ. ಅದೇ ಮಾತನ್ನು ಪಕ್ಕದವಳು, 'ಅಕ್ಕಾ, ಈ ಗುಳಿಗೆ ತಗಂಡ್ರೆ ನಿಮ್ಗೂ ಹೊಟ್ಟೆ ತೊಳಸ್ತದಾ? ನಂಗಂತೂ ಆಗೋದೇ ಇಲ್ಲ' ಎಂದು ಕೇಳಿದಳೆನ್ನಿ. ಈಗ ಇಲ್ಲ ಎನ್ನುವುದು ಸುಲಭ. 'ನಾನು ಬಿಟ್ಟೇ ಬಿಟ್ಟಿದ್ದೆ' ಎಂಬ ನಿಜ ಹೊರಬರುತ್ತದೆ, ಬೆಳಿಗ್ಗೆ ಚಾ ಜೊತೆಗೇ ನುಂಗುತ್ತಿದ್ದದ್ದು ತಿಳಿಯುತ್ತದೆ, ಚಾ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ ಎಂಬುದು ಇಬ್ಬರಲ್ಲಿ ಒಬ್ಬಳಿಗೆ ಗೊತ್ತಿರುತ್ತದೆ, ರಾತ್ರಿ ಊಟವಾದ ಮೇಲೆ ಲಿಂಬೆ ಶರಬತ್ತಿನ ಜೊತೆ ತಗೊಂಡು ನೋಡುವ ಎಂಬ ದಾರಿ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಬ್ಬರೂ ಒಟ್ಟಿಗೆ ಒಳಗೆ ಹೋಗಿ ನರ್ಸಮ್ಮನ ಹತ್ತಿರ ನಿಜ ಹೇಳುವ ಧೈರ್ಯ ಬರುತ್ತದೆ. ಈ ಪ್ರಶ್ನೆಗೆ ಆ ಶಕ್ತಿ ಬಂದದ್ದು ಕೇಳಿದವಳು ತನ್ನದನ್ನು ಮೊದಲು ಹೇಳಿಕೊಂಡದ್ದರಿಂದ. ತಾನು ಉತ್ತರಿಸಲು ತಯಾರಿಲ್ಲದ ಪ್ರಶ್ನೆಯನ್ನು ಇನ್ನೊಬ್ಬ ಬಸುರಿಗೆ ಕೇಳಬಾರದು ಎಂಬ ನನ್ನ ನಿಯಮ ಹುಟ್ಟಿದ್ದು ಇಲ್ಲಿಂದ.

ಇದೇ ಸೀಮೆಯ ಮಾತನ್ನು ಯಾಕೆ ಎತ್ತಿದೆ ಎಂದರೆ, ಇಲ್ಲಿ ಊರು ಎಂದರೆ ಒತ್ತೊತ್ತಾದ ಓಣಿಗಳಲ್ಲ. ತೋಟದ ತಲೆಗೊಂದು ಮನೆ, ಬೆಟ್ಟ ದಾಟಿದರೆ ಇನ್ನೊಂದು. ಓದಿದ ಮಕ್ಕಳು ಬೆಂಗಳೂರು ಸೇರಿದ ಮೇಲೆ ಅನೇಕ ಮನೆಗಳಲ್ಲಿ ವಯಸ್ಸಾದವರೇ ಉಳಿದಿದ್ದಾರೆ. ಅಂಥ ಮನೆಗೆ ಬಂದ ಸೊಸೆಗೆ ತನ್ನ ವಯಸ್ಸಿನ ಹೆಂಗಸಿನ ಮುಖ ಕಾಣುವುದೇ ಮದುವೆ ಮುಂಜಿಯಲ್ಲಿ. ಈಚೆಗೆ ಬೇರೆ ಜಿಲ್ಲೆಗಳಿಂದ, ಬೇರೆ ಭಾಷೆಯ ನಾಡುಗಳಿಂದಲೂ ಹೆಣ್ಣು ತಂದುಕೊಂಡ ಮನೆಗಳಿವೆ. ಆ ಹುಡುಗಿಯರ ಒಂಟಿತನ ಇನ್ನೂ ದೊಡ್ಡದು. ಬಸುರಿಯರು ಒಟ್ಟಿಗೆ ಸಿಗುವ ಜಾಗಗಳು ಬೆರಳೆಣಿಕೆಯವು. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ನಡೆಯುತ್ತದೆ, ಅದು ಒಂದು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲೇ ಬಿಸಿಯೂಟ ಎಂದಿತು, ಅದು ಇನ್ನೊಂದು. ದಿನ ತುಂಬುತ್ತಿರುವವಳು ಮಳೆಯಲ್ಲಿ ಸಂಕ ದಾಟಿ ಊಟಕ್ಕೆ ನಡೆಯಬೇಕೇ ಎಂಬ ಮಲೆನಾಡಿನವರ ತಕರಾರು ನ್ಯಾಯವಾದದ್ದೇ. ಆದರೂ ಕೋವಿಡ್ ಕಾಲದಲ್ಲಿ ರೇಷನ್ನು ಮನೆಗೇ ಬಂದಾಗ ನಾಲ್ಕು ಬಸುರಿಯರು ಎದುರುಬದುರು ಕೂತು ಉಣ್ಣುವುದು ತಪ್ಪಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೀಗಿರುವಾಗ ಮೊದಲ ಪ್ರಶ್ನೆ ದಾರಿಯದ್ದಾದರೆ ಒಳ್ಳೆಯದು. 'ಯಾವ ಬದಿಗಾಯ್ತು ಮನೆ? ಎಷ್ಟರ ಬಸ್ಸಿಗೆ ಬಂದ್ರಿ?' ಎಂದು ಕೇಳಿದರೆ ಯಾರಿಗೂ ಮುಜುಗರವಾಗುವುದಿಲ್ಲ, ಆದರೆ ತಿಳಿಯುವುದು ಬಹಳ. ಬಸ್ಸಿಳಿದು ಎಷ್ಟು ನಡೆಯಬೇಕು, ಮನೆಯ ತನಕ ಗಾಡಿ ಬರುತ್ತದೆಯೇ, ರಾತ್ರಿ ಮನೆಯಲ್ಲಿ ಗಾಡಿ ಹೊಡೆಯುವವರು ಯಾರಿದ್ದಾರೆ, ಕರೆಂಟು ಹೋದರೆ ಫೋನು ಸಿಗುತ್ತದೆಯೇ, ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಬಸುರಿಯರ ಸಾವಿನ ಹಿಂದೆ ಮೂರು ತಡಗಳಿರುತ್ತವೆ ಎಂದು ತ್ಯಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ವಿವರಿಸಿದ್ದರು: ಹೊರಡಬೇಕೆಂದು ತೀರ್ಮಾನಿಸುವುದರಲ್ಲಿ ತಡ, ಆಸ್ಪತ್ರೆ ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮೂರನೆಯದು ಆಸ್ಪತ್ರೆಯ ಕೈಯಲ್ಲಿದೆ. ಮೊದಲ ಎರಡು ಮನೆಯಲ್ಲೂ ದಾರಿಯಲ್ಲೂ ಆಗುವಂಥವು. ನಮ್ಮಲ್ಲಿ ಹೆಚ್ಚು ಹೆದರಿಸುವಂಥವು ಅವೇ. ಕೇಸು ಕಷ್ಟ ಎಂದಾದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಹೊತ್ತುಕೊಂಡು ಹೋಯಿತು, ಅದೇ ಮಳೆಯಲ್ಲಿ ಕಳಚೆಯಲ್ಲಿ ಗುಡ್ಡ ಕುಸಿಯಿತು. ಹೊಳೆಯಾಚೆ ಬಸುರಿಯರಿದ್ದ ಮನೆಗಳಲ್ಲಿ ಆ ವಾರ ಎಂಥ ಆತಂಕ ಇದ್ದಿರಬೇಕು ಎಂದು ಯೋಚಿಸಿದರೆ ಸಾಕು, ದಾರಿಯ ಪ್ರಶ್ನೆ ಬರೀ ಲೋಕಾರೂಢಿಯದ್ದಲ್ಲ ಎಂದು ಮನದಟ್ಟಾಗುತ್ತದೆ. ಒಂದೇ ಬದಿಯ ಇಬ್ಬರು ಬಸುರಿಯರಿಗೆ ಯಾರ ಮನೆಯಲ್ಲಿ ಜೀಪಿದೆ ಎಂಬುದು ಮೊದಲೇ ಗೊತ್ತಿದ್ದರೆ, 108ಕ್ಕೆ ಫೋನು ಸಿಗದ ರಾತ್ರಿ ಅದು ಕೆಲಸಕ್ಕೆ ಬರುತ್ತದೆ.

ಇಬ್ಬರು ಹೆಂಗಸರು ಮಾತಾಡಿಕೊಂಡ ಮಾತ್ರಕ್ಕೆ ಸಾವು ನೋವು ಕಡಿಮೆಯಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಹೆಂಗಸರು ತಿಂಗಳಿಗೊಮ್ಮೆ ಸೇರಿ ಬಸುರು ಬಾಣಂತನದ ತೊಂದರೆಗಳನ್ನು ತಾವೇ ಚರ್ಚಿಸಿ ದಾರಿ ಹುಡುಕುವ ಏರ್ಪಾಟು ನಡೆಯಿತು. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ ಅಂಥ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಶೇ 30ರಷ್ಟು ಕಡಿಮೆ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಸೀಮೆಯಲ್ಲಿ 'ಏಕಜುಟ್' ಸಂಸ್ಥೆ ಇದೇ ಕ್ರಮವನ್ನು ನಡೆಸಿತು. 2010ರಲ್ಲಿ ಬಂದ ವರದಿಯಲ್ಲಿ ಆ ಸಾವುಗಳ ಮೂರು ವರ್ಷಗಳ ಇಳಿಕೆ ಶೇ 32. ಇಂಥ ಏಳು ಅಧ್ಯಯನಗಳನ್ನು ಒಟ್ಟು ಸೇರಿಸಿ 2013ರಲ್ಲಿ ನೋಡಿದಾಗ, ಬಸುರಿಯರಲ್ಲಿ ನೂರಕ್ಕೆ ಮೂವತ್ತರಷ್ಟಾದರೂ ಗುಂಪಿಗೆ ಬಂದ ಕಡೆಗಳಲ್ಲಿ ನವಜಾತ ಶಿಶುಗಳ ಸಾವು ಮೂರನೇ ಒಂದರಷ್ಟು, ತಾಯಂದಿರ ಸಾವು ಅರ್ಧದಷ್ಟು ಇಳಿದಿತ್ತು. ಅವು ನಡೆಸುವವರೊಬ್ಬರಿದ್ದ, ಕ್ರಮವಿದ್ದ ಸಭೆಗಳು, ಬೆಂಚಿನ ಮೇಲಿನ ಮಾತಿಗೂ ಅವಕ್ಕೂ ಅಂತರವಿದೆ ಎಂದು ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ಆ ಸಭೆಗಳಲ್ಲಿ ಯಾರೂ ಹೊಸ ಔಷಧ ಹಂಚಲಿಲ್ಲ. 'ನಿನಗೆ ಏನಾಯಿತು, ಆಗ ಏನು ಮಾಡಿದೆ' ಎಂದು ಒಬ್ಬರನ್ನೊಬ್ಬರು ಕೇಳಿಕೊಂಡದ್ದೇ ಅಲ್ಲಿಯ ಮೂಲ ಕೆಲಸ. ಆ ಬಗೆಯ ಮಾತು ಹುಟ್ಟಬೇಕಾದರೆ ಮೊದಲು ಮುಖಪರಿಚಯ ಆಗಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನಮ್ಮಲ್ಲಿ ವಿಚಾರಿಸುವುದಕ್ಕೂ ಕೆದಕುವುದಕ್ಕೂ ನಡುವಿನ ಗೆರೆ ಬಹಳ ಸಣ್ಣದು. 'ಎಷ್ಟನೇದು?' ಎಂಬುದು ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ. ಹಿಂದೊಮ್ಮೆ ಹೊಟ್ಟೆಯಲ್ಲೇ ಮಗುವನ್ನು ಕಳಕೊಂಡವಳಿಗೆ ಅದಕ್ಕೆ ಏನು ಉತ್ತರ? ಒಂದು ಎಂದರೆ ಹೋದ ಮಗುವನ್ನು ಇಲ್ಲವೆಂದಂತೆ, ಎರಡು ಎಂದರೆ ಅಪರಿಚಿತರ ಎದುರು ಅಳು. ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಎಂದು ಪಂಥ ಕಟ್ಟುವ ಮಾತೂ ಅಂಥದೇ. ಲಿಂಗಪತ್ತೆಯನ್ನು ತಡೆಯಲು 1994ರಲ್ಲೇ ಕಾನೂನು ಬಂದಿದೆ, ಆದರೂ ಎರಡು ಹೆಣ್ಣುಮಕ್ಕಳಿದ್ದವಳ ಎದೆಗೆ ಆ ಒಂದು ನಗೆಮಾತು ಹೇಗೆ ತಾಗುತ್ತದೆ ಎಂದು ಆಡಿದವರು ಯೋಚಿಸುವುದಿಲ್ಲ. ಇನ್ನು 9ನೇ ತಾರೀಖಿನ ಅಭಿಯಾನದ ತಪಾಸಣೆಯಲ್ಲಿ ತೊಂದರೆ ಇರುವ ಬಸುರಿಯ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ, ಇಲ್ಲದವಳಿಗೆ ಹಸಿರು. ಹೊರಬಂದವಳು ಕಾರ್ಡನ್ನು ಮಗುಚಿ, ಸೆರಗಿನಡಿ ಹಿಡಿದುಕೊಂಡಿದ್ದರೆ ಯಾಕೆ ಕೆಂಪು ಎಂದು ಕೇಳಬಾರದು. 'ಹೋಗಲಿಕ್ಕೆ ಯಾರಾದ್ರೂ ಜೊತೆಗಿದ್ದಾರಾ' ಎಂದು ಕೇಳಬಹುದು. ಹೇಳಬೇಕೆನಿಸಿದರೆ ಅವಳೇ ಹೇಳುತ್ತಾಳೆ, ಬೇಡವೆನಿಸಿದರೆ ಇದ್ದಾರೆ, ಇಲ್ಲ ಎಂದು ಮುಗಿಸುತ್ತಾಳೆ. ಹೀಗೆ ಬೇಕಾದಷ್ಟೇ ಉತ್ತರಿಸಲು ಜಾಗ ಬಿಡುವ ಪ್ರಶ್ನೆಯನ್ನೇ ನಾನು ಸ್ನೇಹದ ಪ್ರಶ್ನೆ ಎನ್ನುವುದು.

ಜಾತಿಯ ಮಾತನ್ನು ಬಿಟ್ಟು ಮುಂದೆ ಹೋದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. 'ಯಾರ ಪೈಕಿ' ಎಂದು ವಿಚಾರಿಸದೆ ನಮ್ಮ ಕಡೆ ಮಾತು ಮುಂದುವರಿಯುವುದು ಅಪರೂಪ. ಹವ್ಯಕರವಳು, ನಾಯ್ಕರವಳು, ಮರಾಠಿಯವಳು, ಗೌಳಿಯವಳು, ಸಿದ್ದಿಯವಳು ಒಂದೇ ಬೆಂಚಿನ ಮೇಲೆ ಮೈ ತಾಗಿಸಿ ಕೂರುವ ಜಾಗ ತಪಾಸಣೆಯ ಕೋಣೆಯ ಹೊರಗಿನದು. ಅಲ್ಲಿ ಆ ಪ್ರಶ್ನೆ ಕೇಳಿದರೆ ಬೆಂಚು ಇಬ್ಭಾಗವಾಗುತ್ತದೆ. ಬದಲಿಗೆ 'ಮಗುವಿಗೆ ಕೌದಿ ಹೊಲಿದಾಯ್ತಾ' ಎಂದು ಕೇಳಿ ನೋಡಿ. ಹಳೇ ಸೀರೆಯ ಕೌದಿ ಎಲ್ಲರ ಮನೆಯಲ್ಲೂ ಇದೆ, ಆದರೆ ಅದರಲ್ಲಿ ಯಲ್ಲಾಪುರದ ಸಿದ್ದಿ ಹೆಂಗಸರ ಕೈಯನ್ನು ಮೀರಿಸುವವರು ನಮ್ಮಲ್ಲಿಲ್ಲ. ಬಣ್ಣ ಬಣ್ಣದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ಸಣ್ಣ ಹೊಲಿಗೆ, ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಮಾಡಿದ 'ಫೂಲ' ಎಂಬ ಹೂವು. ಆ ಪ್ರಶ್ನೆಗೆ ಬೆಂಚಿನ ಮೇಲಿನ ಸಿದ್ದಿಯವಳಲ್ಲಿ ಕಲಿಸುವಂಥ ಉತ್ತರವಿದೆ. ಸಾಮಾನ್ಯವಾಗಿ ಉಪದೇಶ ಕೇಳಿಸಿಕೊಳ್ಳುವ ಕಡೆಗೇ ಕೂರಿಸಲ್ಪಟ್ಟವಳು ಇಲ್ಲಿ ತಿಳಿದವಳಾಗಿ ಮಾತಾಡುತ್ತಾಳೆ.

ಬಸುರಿಯರು ಬಸುರಿಯರನ್ನು ಕೇಳಿಕೊಂಡರೆ ತಪ್ಪು ತಿಳಿವಳಿಕೆಯೇ ಹರಡುತ್ತದೆ ಎಂದು ವೈದ್ಯರು ದೂರುವುದುಂಟು. ಕೇಸರಿ ಕುಡಿದರೆ ಮಗು ಬೆಳ್ಳಗೆ, ಕಬ್ಬಿಣದ ಗುಳಿಗೆ ತಗೊಂಡರೆ ಮಗು ಕಪ್ಪು ಎಂಬ ಮಾತುಗಳು ಓಡಾಡುವುದು ನಿಜ. ಆದರೆ ಇವು ಪ್ರಶ್ನೆಯಿಂದ ಹುಟ್ಟಿದವಲ್ಲ, ಕೇಳದೆಯೇ ಕೊಟ್ಟ ಸಲಹೆಗಳು. ಅಪ್ಪೆಹುಳಿ ಕುಡಿದರೆ ಬಾಯಿಗೆ ಹಿತವೇ, ರಾತ್ರಿ ನಿದ್ದೆ ಬರುತ್ತದೆಯೇ, ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಕೇಳಿಕೊಳ್ಳಲು ಅಡ್ಡಿಯಿಲ್ಲ. ಮುಖ ಕೈ ಊದಿದೆ, ತಲೆ ಸಿಡಿಯುತ್ತದೆ, ಕಣ್ಣು ಮಂಜು, ರಕ್ತ ಕಂಡಿತು, ಮಗು ಮಿಸುಕುವುದು ಕಡಿಮೆಯಾಗಿದೆ ಎಂದು ಅವಳು ಬಾಯಿಬಿಟ್ಟರೆ ಅಲ್ಲಿಗೆ ಗೆಳತಿಯ ಪ್ರಶ್ನೆಗಳು ಮುಗಿಯಬೇಕು. 'ನಂಗೂ ಹಂಗೇ ಆಗಿತ್ತು, ತಾನೇ ಸರಿಯಾಯ್ತು' ಎಂಬ ಸಮಾಧಾನ ಆಗ ಅಪಾಯ. ಅದೇ ಗಳಿಗೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋಗಬೇಕು.

ಅತ್ತೆ, ಅಜ್ಜಿಯರು ಇದ್ದಾರಲ್ಲ ಎಂಬ ಮಾತಿಗೆ ನನ್ನ ಗೌರವವಿದೆ. ಬಾಣಂತನದ ಎಣ್ಣೆನೀರು, ಪಥ್ಯ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವ ಹದ ಅವರಿಂದಲೇ ಬರಬೇಕು. ಅವರು ಹೆತ್ತದ್ದು ಸೂಲಗಿತ್ತಿಯ ಕೈಯಲ್ಲಿ, ಸ್ಕ್ಯಾನಿಂಗ್, ಶುಗರ್ ಟೆಸ್ಟು, ಸಿಸೇರಿಯನ್ ಎಂಬ ಮಾತುಗಳಿಲ್ಲದ ಕಾಲದಲ್ಲಿ. ಇವತ್ತಿನ ಹೆದರಿಕೆಗೆ ಇವತ್ತಿನವಳೇ ಜೊತೆಯಾಗಬೇಕು.

ಈ ಪರಿಚಯಗಳು ಏಳೆಂಟು ತಿಂಗಳಿಗೆ ಕಡಿದುಹೋಗುವುದು ನಮ್ಮಲ್ಲಿ ಸಾಮಾನ್ಯ. ಚೊಚ್ಚಲು ಹೆರಿಗೆಗೆ ಪರಿಚಯವಾದವಳು ತವರಿಗೆ ಹೋಗುತ್ತಾಳೆ, ಕಾರ್ಡಿನ ಜೊತೆ ಬೇರೆ ಆಸ್ಪತ್ರೆ, ಬೇರೆ ಆಶಾ. ಹೊರಡುವ ಮೊದಲು ಫೋನ್ ನಂಬರು ತಗೊಂಡಿರಬೇಕು, ಹೆರಿಗೆಯಾದ ಮೇಲೆ ಫೋನು ಮಾಡಿದಾಗ ಮಗುವಿಗಿಂತ ಮೊದಲು ತಾಯಿಯನ್ನು ವಿಚಾರಿಸಬೇಕು. ಬಾಣಂತಿಯ ಮನಸ್ಸಿನ ಖಿನ್ನತೆ ಅಳೆಯಲು 1987ರಲ್ಲಿ ಎಡಿನ್‌ಬರಾದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, ಕನ್ನಡದಲ್ಲೂ ಅದನ್ನು ಬಳಸಿದ್ದಾರೆ. ಅದು ರೋಗದ ಹೆಸರಿನಿಂದ ಶುರುವಾಗುವುದಿಲ್ಲ. ನಗಲು ಆಗುತ್ತಿದೆಯೇ, ಬರುವ ದಿನಗಳನ್ನು ಎದುರುನೋಡಲು ಆಗುತ್ತಿದೆಯೇ ಎಂದು ಶುರುವಾಗುತ್ತದೆ. ಗೆಳತಿಯೊಬ್ಬಳು ಫೋನಿನಲ್ಲಿ ಕೇಳಬಹುದಾದ ಮಾತುಗಳೇ ಅವು. ಉತ್ತರ ಮತ್ತೆ ಮತ್ತೆ ಇಲ್ಲ ಎಂದೇ ಬಂದರೆ ಅವಳ ಮನೆಯವರ ಕಿವಿಗೆ, ಅಲ್ಲಿಯ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಬೇಕು. ಇಂಥ ಪರಿಚಯಗಳು ಹುಟ್ಟಲಿಕ್ಕೆ ಆರೋಗ್ಯ ಇಲಾಖೆಯವರಲ್ಲಿ ನನ್ನದೊಂದು ಬೇಡಿಕೆಯಿದೆ, ಇದಕ್ಕೆ ಹಣ ಬೇಕಿಲ್ಲ. 9ನೇ ತಾರೀಖು ಟೋಕನ್ ಕೊಡುವಾಗ ಒಂದೇ ಬಸ್ಸಿನ ದಾರಿಯವರನ್ನು ಒಟ್ಟಿಗೆ ಕೂರಿಸಲಿ; ಆಶಾ ಕಾರ್ಯಕರ್ತೆ ತನ್ನ ಬದಿಯ ಬಸುರಿಯರನ್ನು, ಅವರ ಒಪ್ಪಿಗೆ ಕೇಳಿ, ಒಬ್ಬರಿಗೊಬ್ಬರಿಗೆ ಪರಿಚಯಿಸಲಿ. ಕಾಯುವ ಹೊತ್ತು ಹೇಗೂ ಒಂದೆರಡು ತಾಸಿಗೆ ಕಡಿಮೆಯಿರುವುದಿಲ್ಲ. ಮಾತು ಅವರೇ ತೆಗೆಯುತ್ತಾರೆ.