ಠೇವಣಿ ಆಧಾರಿತ ಬ್ಲಾಕ್‌ಚೈನ್: ಪ್ರತಿಫಲದ ಲೆಕ್ಕಾಚಾರ

ಬ್ಲಾಕ್‌ಚೈನ್ ಎಂಬುದು ಅನೇಕ ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರಿಸಲ್ಪಡುವ ಲೆಡ್ಜರ್. ಅದರ ನಮೂದುಗಳನ್ನು ದೃಢೀಕರಿಸುವವರು ವ್ಯಾಲಿಡೇಟರುಗಳು. ಇಥೀರಿಯಂ ಜಾಲವು 2022ರ ಸೆಪ್ಟೆಂಬರ್ 15ರಂದು ‘ಪ್ರೂಫ್ ಆಫ್ ಸ್ಟೇಕ್’ ಪದ್ಧತಿಗೆ ಬದಲಾಯಿತು. ಇದರನ್ವಯ ವ್ಯಾಲಿಡೇಟರ್ ಕನಿಷ್ಠ 32 ಈಥರ್ ಠೇವಣಿ ಇಡಬೇಕು.

ಪ್ರತಿಫಲ: ಇದು ಬ್ಯಾಂಕಿನ ಬಡ್ಡಿಯಂತೆ ನಿಶ್ಚಿತ ದರದ್ದಲ್ಲ. ಪ್ರತಿ ಈಥರಿನ ಮೂಲ ಪ್ರತಿಫಲವು ಒಟ್ಟು ಠೇವಣಿಯ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಒಟ್ಟು ಠೇವಣಿ ನಾಲ್ಕು ಪಟ್ಟಾದರೆ ಪ್ರತಿ ಈಥರಿನ ಪ್ರತಿಫಲ ಅರ್ಧಕ್ಕಿಳಿಯುತ್ತದೆ. ಹೊಸದಾಗಿ ಸೃಷ್ಟಿಯಾಗುವ ನಾಣ್ಯಗಳ ಮೊತ್ತ ಮಾತ್ರ ದ್ವಿಗುಣವಾಗುತ್ತದೆ. ಠೇವಣಿ ಕಡಿಮೆಯಿದ್ದಾಗ ಆಕರ್ಷಿಸುವುದು, ಹೆಚ್ಚಿದಾಗ ವೆಚ್ಚಕ್ಕೆ ಮಿತಿ ಹಾಕುವುದು ಈ ಸೂತ್ರದ ಪರಿಣಾಮ.

ದಂಡ: ಕಂಪ್ಯೂಟರ್ ಸ್ಥಗಿತಗೊಂಡರೆ ಅಲ್ಪ ಕಡಿತ. ಒಂದೇ ಸರದಿಯಲ್ಲಿ ಪರಸ್ಪರ ವಿರುದ್ಧವಾದ ಎರಡು ಬ್ಲಾಕುಗಳಿಗೆ ಸಹಿ ಮಾಡಿದರೆ ಅಸಲಿಗೇ ಕತ್ತರಿ ಬೀಳುವುದಲ್ಲದೆ ಜಾಲದಿಂದ ಉಚ್ಚಾಟನೆಯೂ ಆಗುತ್ತದೆ.

ಪರಿಷ್ಕರಣೆ: 2020ರ ಡಿಸೆಂಬರಿನಿಂದ ಬಂಧಿತವಾಗಿದ್ದ ಠೇವಣಿಯನ್ನು ಹಿಂಪಡೆಯಲು 2023ರ ಏಪ್ರಿಲ್‌ನಲ್ಲಿ ಅವಕಾಶವಾಯಿತು. 2025ರ ಮೇ 7ರ ಪರಿಷ್ಕರಣೆಯು, ಒಬ್ಬ ವ್ಯಾಲಿಡೇಟರಿನ ಪ್ರತಿಫಲಕ್ಕೆ ಪರಿಗಣಿಸುವ ಗರಿಷ್ಠ ಠೇವಣಿಯನ್ನು 32ರಿಂದ 2,048 ಈಥರಿಗೆ ಏರಿಸಿತು. ಆರಂಭಿಕ ದಂಡವನ್ನು ಠೇವಣಿಯ 32ನೇ ಒಂದು ಭಾಗದಿಂದ 4,096ನೇ ಒಂದು ಭಾಗಕ್ಕೆ ಇಳಿಸಿತು.

ವರ್ತಕರ ಗಮನಕ್ಕೆ: ಪ್ರತಿಫಲ ಸಿಗುವುದು ಈಥರಿನಲ್ಲಿ, ರೂಪಾಯಿಯಲ್ಲಲ್ಲ. 100 ಈಥರ್ ಶೇ. 3ರ ಪ್ರತಿಫಲದಿಂದ 103 ಆಯಿತೆನ್ನೋಣ. ಬೆಲೆ ಶೇ. 10ರಷ್ಟು ಕುಸಿದರೆ ಒಟ್ಟು ಮೌಲ್ಯ ಆರಂಭದ ಶೇ. 92.7 ಮಾತ್ರ. 2022ರ ಹಣಕಾಸು ಕಾಯ್ದೆಯು ಇಂತಹ ಆಸ್ತಿಯ ಮಾರಾಟದ ಲಾಭಕ್ಕೆ ಶೇ. 30 ತೆರಿಗೆ ವಿಧಿಸಿ, ನಷ್ಟವನ್ನು ಇತರ ಆದಾಯದೊಂದಿಗೆ ಹೊಂದಿಸುವುದನ್ನು ನಿರ್ಬಂಧಿಸಿತು. ಆದ್ದರಿಂದ ಸರಕು ಖರೀದಿಗೂ ವೇತನಕ್ಕೂ ಬೇಕಾದ ದುಡಿಯುವ ಬಂಡವಾಳವನ್ನು ಇದರಲ್ಲಿ ತೊಡಗಿಸುವುದು ಉಚಿತವಲ್ಲ.