ಮರವಂತೆಯ ಮೇಲೆ ಹಾರಲು ಲ್ಯಾಪ್‌ಟಾಪ್ ತಣ್ಣಗಿರಬೇಕು

2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನಾನು ಮೊದಲು ಹುಡುಕಿದ್ದು ನಮ್ಮ ಕರಾವಳಿಯನ್ನೇ. ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳನ್ನು ಆಧರಿಸಿ ಇಡೀ ಭೂಮಿಯನ್ನೇ ಹಾಸಿಕೊಟ್ಟ ಆಟ ಅದು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ 24ರಿಂದ ಸೆಸ್ನಾ 172 ವಿಮಾನ ಎಬ್ಬಿಸಿ, ಕಡಲು ಸಿಕ್ಕಿದೊಡನೆ ಬಲಕ್ಕೆ ತಿರುಗಿ ದಡ ಹಿಡಿದರಾಯಿತು. ಬ್ರಹ್ಮಾವರದ ಹತ್ತಿರ ಸ್ವರ್ಣಾ, ಸೀತಾ ನದಿಗಳು, ಕುಂದಾಪುರದಲ್ಲಿ ಪಂಚಗಂಗಾವಳಿ, ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕೆಗೂ ನಡುವೆ ಹೆದ್ದಾರಿ 66, ಬಲಗಡೆ ದೂರದಲ್ಲಿ ಕೊಡಚಾದ್ರಿ, ಮುಂದೆ ಬೈಂದೂರು. ಅರ್ಧ ಗಂಟೆಯ ಈ ಹಾರಾಟ ತಡವರಿಸದೆ ಸಾಗಬೇಕು ಎಂಬ ಆಸೆಯೇ ನನಗೆ ಕಂಪ್ಯೂಟರಿನ ಒಳಗನ್ನು ಕಲಿಸಿತು.

ಬಜ್ಪೆಯಿಂದ ಮಲ್ಪೆಯವರೆಗೆ ಚಿತ್ರ ನುಣ್ಣಗೆ ಓಡುತ್ತಿತ್ತು. ಕುಂದಾಪುರ ಬರುವಷ್ಟರಲ್ಲಿ ಮುಗ್ಗರಿಸುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಕೊಳ್ಳುವ ಲೆಕ್ಕದಲ್ಲಿದ್ದಾಗ ರಿಪೇರಿ ಅಂಗಡಿಯ ಹುಡುಗ ಹೇಳಿದ: "ಮೊದ್ಲ್ ಬಿಸಿ ಎಷ್ಟ್ ಇತ್ತ್ ಕಾಣಿ, ದುಡ್ಡ್ ಕಡಿಕೆ ಹಾಕ್ಲಕ್ಕ್." ನೋಡಿದರೆ ಪ್ರೊಸೆಸರ್ 95 ಡಿಗ್ರಿ ದಾಟುತ್ತಿತ್ತು. ಅಷ್ಟು ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮಲ್ಲಿ ಧೂಳು ಒಣಗಿ ಉದುರುವುದಿಲ್ಲ. ತೇವದ ಗಾಳಿಗೆ ಫ್ಯಾನಿನ ಹಿಂದಿನ ಸಣ್ಣ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ಅದನ್ನು ತೆಗೆಸಿ, ಥರ್ಮಲ್ ಪೇಸ್ಟ್ ಬದಲಾಯಿಸಿ, ಲ್ಯಾಪ್‌ಟಾಪಿನ ಹಿಂಬದಿಯನ್ನು ಎತ್ತರಿಸಿ ಇಟ್ಟ ಮೇಲೆ ಬೈಂದೂರಿನವರೆಗೂ ಹೋಗಲು ಸಾಧ್ಯವಾಯಿತು. ಕರಾವಳಿಯಲ್ಲಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯದು, ಅಡಚಣೆ ಎಲ್ಲಿದೆ ಎಂದು ಆಟವನ್ನೇ ಕೇಳುವುದು. ಡೆವಲಪರ್ ಮೋಡ್‌ನಲ್ಲಿ ಎಫ್‌ಪಿಎಸ್ ಪಟ್ಟಿ ತೆರೆದರೆ ತಡ ಮಾಡುತ್ತಿರುವುದು ಪ್ರೊಸೆಸರ್ ಮೇಲೆ ಓಡುವ ಮೇನ್ ಥ್ರೆಡ್ಡೋ ಗ್ರಾಫಿಕ್ಸ್ ಚಿಪ್ಪಾದ ಜಿಪಿಯುವೋ ಎಂದು ಅದು ತೋರಿಸುತ್ತದೆ. ಬಜ್ಪೆಯಲ್ಲಿ ನಿಂತ ವಿಮಾನಗಳ ನಡುವೆ ನನಗೆ ಸಾಮಾನ್ಯವಾಗಿ ಮೇನ್ ಥ್ರೆಡ್ ಕಾಣುತ್ತಿತ್ತು. ಆಗ ರೆಸಲ್ಯೂಶನ್ ಎಷ್ಟು ಇಳಿಸಿದರೂ ಫಲವಿಲ್ಲ. ವಿಮಾನ ಸಂಚಾರ, ಆಬ್ಜೆಕ್ಟ್ ಎಲ್‌ಒಡಿ (ವಸ್ತುಗಳ ವಿವರದ ಮಟ್ಟ), ಕಾಕ್‌ಪಿಟ್ ಪರದೆಗಳ ರಿಫ್ರೆಶ್ ದರ ಇವನ್ನು ಕಡಿಮೆ ಮಾಡಬೇಕು. ಅದೇ, ಮಳೆಗಾಲದಲ್ಲಿ ಲೈವ್ ಹವಾಮಾನ ಹಾಕಿ ಕಡಲ ಮೇಲೆ ಹಾರಿದರೆ ಮೋಡ ಬಿಡಿಸುವ ಹೊರೆಯೆಲ್ಲ ಜಿಪಿಯು ಮೇಲೆ. ಮೋಡವನ್ನು ಅಲ್ಟ್ರಾದಿಂದ ಹೈ ಅಥವಾ ಮೀಡಿಯಂಗೆ ತಂದರೆ ಉಸಿರಾಡುತ್ತದೆ. ಟೆರೇನ್ ಎಲ್‌ಒಡಿಯನ್ನು ಮಾತ್ರ ನಾನು ಕೊನೆಗೇ ಮುಟ್ಟುವುದು. ಅದನ್ನು ಇಳಿಸಿದರೆ ದೂರದ ಘಟ್ಟ ಮಂಕಾಗುತ್ತದೆ. ಕೊಡಚಾದ್ರಿ ಕಾಣದ ಹಾರಾಟ ನನಗೆ ಬೇಡ.

ಫ್ರೇಮ್ ದರವನ್ನು 30ಕ್ಕೆ ಕಟ್ಟಿಹಾಕಿದ್ದು ದೊಡ್ಡ ನೆಮ್ಮದಿ. 50ಕ್ಕೆ ಹಾರಿ 22ಕ್ಕೆ ಬೀಳುವುದಕ್ಕಿಂತ ಅಲುಗದ 30 ಕಣ್ಣಿಗೆ ಹಿತ, ಯಂತ್ರವೂ ಅಷ್ಟು ಕಾಯುವುದಿಲ್ಲ. ದುಡ್ಡು ಹಾಕಿದ್ದು ರ‍್ಯಾಮ್‌ಗೆ ಮಾತ್ರ. ಒಂಟಿ 8 ಜಿಬಿಯ ಪಕ್ಕಕ್ಕೆ ಅದೇ ಬಗೆಯ ಇನ್ನೊಂದು 8 ಜಿಬಿ ಸೇರಿಸಿದಾಗ ಡ್ಯುಯಲ್ ಚಾನೆಲ್ ಆಯಿತು, ತಿರುಗುವಾಗ ಗಕ್ಕನೆ ನಿಲ್ಲುವುದು ಹೋಯಿತು.

ಇನ್ನು ನೆಟ್. ಭೂದೃಶ್ಯ ಹಾರುತ್ತಿರುವಾಗಲೇ ಇಳಿದುಬರುತ್ತದೆ, ಜೋರು ಮಳೆಗೆ ನಮ್ಮಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಮಂಗಳೂರಿನಿಂದ ಬೈಂದೂರಿನವರೆಗಿನ ಪಟ್ಟಿಯನ್ನು ಮ್ಯಾನ್ಯುಯಲ್ ಕ್ಯಾಶ್‌ನಲ್ಲಿ ಮೊದಲೇ ಇಳಿಸಿಟ್ಟಿದ್ದೇನೆ. 2024ರ ಆವೃತ್ತಿ ನೆಟ್ಟನ್ನು ಇನ್ನೂ ಹೆಚ್ಚು ನೆಚ್ಚಿಕೊಂಡಿದೆ, ಕನಿಷ್ಠ 16 ಜಿಬಿ ರ‍್ಯಾಮ್ ಬೇಡುತ್ತದೆ. ಹಳ್ಳಿಮನೆಗಳಿಗೆ 2020ರದ್ದೇ ಒಳ್ಳೆಯದು. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡುತ್ತೇನೆ. ಬ್ಯಾಟರಿಯಲ್ಲಿ ಜಿಪಿಯು ಅರೆಬರೆ ಓಡುವುದರಿಂದ ಆ ಹೊತ್ತಿಗೆ ಹಾರಾಟವೂ ಬಂದ್.

ಗ್ರಾಫಿಕ್ಸ್ ಕಾರ್ಡೇ ಇಲ್ಲದ ಹಳೆಯ ಯಂತ್ರ ಇರುವ ಮಕ್ಕಳಿಗೆ ನಾನು ಫ್ಲೈಟ್‌ಗಿಯರ್ ಹಾಕಿಕೊಡುತ್ತೇನೆ. ಅದು ಪೂರ್ತಿ ಉಚಿತ, ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿಕೊಳ್ಳಬಹುದು. ನೆರಳು, ಮೋಡ ಕಡಿಮೆ ಮಾಡಿ, ಕಿಟಕಿಯ ಗಾತ್ರ ಕುಗ್ಗಿಸಿದರೆ ನಡೆಯುತ್ತದೆ. ಉಪಗ್ರಹ ಚಿತ್ರದ ಅಂದ ಅದರಲ್ಲಿಲ್ಲ, ನಿಜ. ಆದರೆ ಗುಡ್ಡದ ನೆತ್ತಿಯ ಮೇಲಿರುವ ಬಜ್ಪೆಯ 2,450 ಮೀಟರ್ ರನ್‌ವೇಯಲ್ಲಿ ಸರಿಯಾದ ವೇಗದಲ್ಲಿ, ಸರಿಯಾದ ಜಾಗದಲ್ಲಿ ಚಕ್ರ ಊರುವುದನ್ನು ಕಲಿಯಲು ಅಷ್ಟು ಸಾಕು.